ಉದ್ದಿನ ಬೇರಲ್ಲೊಂದು ಗೊಬ್ಬರದ ಕಾರ್ಖಾನೆ

ಕಳೆದ ಜನವರಿಯಲ್ಲಿ ನಾವು ನಾಲ್ವರು ಬೈಂದೂರು ಕಡೆಯ ಗೆಳೆಯನ ಮನೆಗೆ ಹೋಗಿದ್ದೆವು. ಭತ್ತ ಕೊಯ್ದ ಗದ್ದೆಯಲ್ಲಿ ಉದ್ದು ಹೂ ಬಿಡಲು ಶುರುವಾಗಿತ್ತು. ಮನೆಯಲ್ಲೂ ಅದರದ್ದೇ ಚರ್ಚೆ. ಕೂಲಿ ಕೊಟ್ಟು ಬೆಳೆದರೆ ಉದ್ದಿನಲ್ಲಿ ಏನೂ ಉಳಿಯುವುದಿಲ್ಲ, ಬರುವ ವರ್ಷ ಹಡಿಲು ಬಿಡುವ ಅಂತ ಗೆಳೆಯನ ಅಪ್ಪಯ್ಯ. ಅಮ್ಮಮ್ಮ ಮಾತ್ರ ಒಪ್ಪಲಿಲ್ಲ. "ಉದ್ದ್ ಹಾಕ್ರೆ ಗದ್ದಿಗೆ ಒಳ್ಳೇದ್ ಮಗಾ, ಒಂದ್ ಗಿಡ ಕಿತ್ ಕಾಣ್" ಅಂದರು.

ಕಿತ್ತು ನೋಡಿದೆವು. ಬೇರಿನ ತುಂಬ ಸಾಸಿವೆ ಕಾಳಿನಂಥ ಸಣ್ಣ ಗಂಟುಗಳು. ಒಂದನ್ನು ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು.

ಆ ಗಂಟಿನೊಳಗೆ ಇರುವುದು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ. ಇಂಥವನ್ನು ಗಂಟಿನಿಂದ ಬೇರ್ಪಡಿಸಿ ಮೊದಲು ಬೆಳೆಸಿದ್ದು ಡಚ್ ವಿಜ್ಞಾನಿ ಬೈಯರಿಂಕ್, 1888ರಲ್ಲಿ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಸಾರಜನಕದ ಎರಡು ಪರಮಾಣುಗಳ ನಡುವೆ ಮೂರು ಬಂಧ, ಅಷ್ಟು ಬಿಗಿ. ಯೂರಿಯಾಕ್ಕೆ ಬೇಕಾದ ಅಮೋನಿಯಾ ಹೇಗೆ ತಯಾರಾಗುತ್ತದೆ ಅಂತ ನಾವು ಕೆಮಿಸ್ಟ್ರಿಯಲ್ಲಿ ಓದಿದ್ದೇವೆ: ಹೇಬರ್-ಬಾಷ್ ವಿಧಾನ, ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ವಾತಾವರಣಕ್ಕಿಂತ 150-200 ಪಟ್ಟು ಒತ್ತಡ. ಅದೇ ಕೆಲಸವನ್ನು ಈ ಬ್ಯಾಕ್ಟೀರಿಯಾ ಗದ್ದೆಯ ಮಣ್ಣಿನ ಶಾಖದಲ್ಲೇ ಮಾಡಿ ಮುಗಿಸುತ್ತದೆ. ಅದರ ಹತ್ತಿರ ಇರುವ ಉಪಕರಣ ನೈಟ್ರೋಜಿನೇಸ್ ಎಂಬ ಕಿಣ್ವ. ಕೂಲಿಯಾಗಿ ಗಿಡ ಸಕ್ಕರೆ ಕೊಡುತ್ತದೆ.

ಇಲ್ಲೊಂದು ತೊಡಕಿದೆ. ಆಮ್ಲಜನಕ ತಾಗಿದರೆ ಆ ಕಿಣ್ವ ಹಾಳು. ಆಮ್ಲಜನಕ ಇಲ್ಲದಿದ್ದರೆ ಬ್ಯಾಕ್ಟೀರಿಯಾಕ್ಕೆ ಉಸಿರಿಲ್ಲ. ಗಿಡ ತಯಾರಿಸುವ ಲೆಗ್‌ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದಿಟ್ಟು, ಬೇಕಾದಷ್ಟೇ ಒಳಗೆ ಬಿಡುತ್ತದೆ. ನಮ್ಮ ರಕ್ತದ ಹಾಗೆ ಇದರಲ್ಲೂ ಕಬ್ಬಿಣ ಇದೆ. ನಸುಗೆಂಪು ಬಂದದ್ದು ಅದರಿಂದ. ಹೂ ಬಿಡುವ ಹೊತ್ತಿಗೆ ಗಂಟು ಒಳಗೆ ಕೆಂಪಾಗಿದ್ದರೆ ಕಾರ್ಖಾನೆ ಓಡುತ್ತಿದೆ ಅಂತ ಅರ್ಥ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ಶುರುವಾಗಿಲ್ಲ, ಇಲ್ಲವೇ ನಿಂತಿದೆ.

ನಿಲ್ಲಲು ಕಾರಣ ಎಂತ? ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಜೋರು ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಹುಳಿ ಹೆಚ್ಚಾದರೆ ಗಂಟು ಕಡಿಮೆ. ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ, ಅಗತ್ಯ ಇದ್ದಷ್ಟೇ ಸುಣ್ಣ ಹಾಕಬೇಕು. ಯೂರಿಯಾ ಜಾಸ್ತಿ ಸುರಿದರೂ ಗಂಟು ಕಟ್ಟುವುದಿಲ್ಲ. ಪುಕ್ಕಟೆ ಊಟ ಸಿಗುವಾಗ ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಯಾಕೆ ಕೊಡುತ್ತದೆ?

ಮಣ್ಣಿನಲ್ಲಿ ತಕ್ಕ ಬ್ಯಾಕ್ಟೀರಿಯಾ ಕಡಿಮೆ ಇದ್ದರೆ ಬೀಜಕ್ಕೇ ಹಚ್ಚಬಹುದು. ತಣ್ಣಗಿನ ಬೆಲ್ಲದ ನೀರಲ್ಲಿ ರೈಜೋಬಿಯಂ ಪುಡಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಬೇಕು. ಬಿಸಿಲಲ್ಲಿಟ್ಟರೆ ಸಾಯುತ್ತವೆ. ಉದ್ದಿಗೆ ಹೊಂದುವ ಪುಡಿಯೇ ಬೇಕು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇನ್ನೊಂದು ಮಾತು. ಹಿಡಿದಿಟ್ಟ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆ ಮನೆಗೆ ಬರುತ್ತದೆ. ಗದ್ದೆಗೆ ಉಳಿಯುವುದು ಬೇರು, ಉದುರಿದ ಎಲೆ. ಆದ್ದರಿಂದ ಉದ್ದನ್ನು ಬೇರು ಸಮೇತ ಕೀಳುವ ಬದಲು ಕತ್ತಿಯಲ್ಲಿ ಕೊಯ್ಯುವುದು ಒಳ್ಳೆಯದು. ನೆಲಗಡಲೆಯನ್ನು ಕೀಳಲೇಬೇಕು; ಅದರ ಬಳ್ಳಿ ದನ ತಿಂದು ಸೆಗಣಿಯಾಗಿಯಾದರೂ ಗದ್ದೆಗೆ ಮರಳಲಿ.

ಅಪ್ಪಯ್ಯನ ಕೂಲಿಯ ಲೆಕ್ಕ ತಪ್ಪಲ್ಲ. ಆದರೆ ಅದರಲ್ಲಿ ಈ ಗಂಟುಗಳ ದುಡಿಮೆ ಸೇರಿರಲಿಲ್ಲ. ಹಡಿಲು ಬಿಟ್ಟರೆ ಅದೂ ಇಲ್ಲ. ಕೊನೆಗೆ ಒಂದು ರಾಜಿ ಆಯ್ತು: ಬರುವ ಸಲವೂ ಉದ್ದು ಹಾಕುವುದು, ಅರ್ಧ ಗದ್ದೆಗೆ ಪುಡಿ ಹಚ್ಚಿದ ಬೀಜ, ಅರ್ಧಕ್ಕೆ ಹಚ್ಚದ್ದು, ಕೊಯ್ಲಿಗೆ ನಾವು ನಾಲ್ವರು. ಕೂಲಿ ಇಲ್ಲ, ಊಟ ಮಾತ್ರ.

ನಿಮ್ಮ ಮನೆ ಗದ್ದೆಯಲ್ಲೂ ಉದ್ದು ಹೂ ಬಿಟ್ಟಾಗ ಒಂದು ಗಿಡ ಮೆಲ್ಲ ಅಗೆದು, ಗಂಟು ಸೀಳಿ ಕಾಣಿ.