ಜನಗಣತಿಯ ಪೂರ್ವಪರೀಕ್ಷೆ: ಹಣ ಖಚಿತವಿಲ್ಲದಾಗ

ಗಣತಿಗೆ ಮೊದಲು ಆಯ್ದ ಪ್ರದೇಶಗಳಲ್ಲಿ ಪ್ರಶ್ನಾವಳಿ, ಆ್ಯಪ್, ತರಬೇತಿಗಳನ್ನು ಒರೆಗೆ ಹಚ್ಚುವುದೇ ಪೂರ್ವಪರೀಕ್ಷೆ. ಅನುದಾನ ಅನಿಶ್ಚಿತವಾದ್ದರಿಂದ ಅಮೆರಿಕ 2017ರ ಕ್ಷೇತ್ರ ಪರೀಕ್ಷೆಗಳನ್ನು ಕೈಬಿಟ್ಟಿತು. ಮೂರು ಕಡೆ ನಡೆಯಬೇಕಿದ್ದ 2018ರ ಪೂರ್ಣ ಪರೀಕ್ಷೆ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ಕೌಂಟಿಗಷ್ಟೇ ಸೀಮಿತವಾಯಿತು. 2017ರಲ್ಲಿ ಪರೀಕ್ಷೆ ರದ್ದಾದ ಸ್ಥಳಗಳಲ್ಲಿ ಪೋರ್ಟೊರಿಕೊ, ಬುಡಕಟ್ಟು ಪ್ರದೇಶಗಳಿದ್ದವು. ಎಣಿಕೆ ತಪ್ಪುವ ಭಯ ಹೆಚ್ಚಿರುವುದೇ ಇಂಥ ಕಡೆ. ಉಳಿತಾಯದ ಪೆಟ್ಟು ಮೊದಲು ಅಲ್ಲಿಗೇ ಬಿದ್ದದ್ದು ಸರಿಯಲ್ಲ.

ಭಾರತದಲ್ಲಿ 2021ರ ಗಣತಿಯ ಪೂರ್ವಪರೀಕ್ಷೆ 2019ರಲ್ಲೇ ಮುಗಿದಿತ್ತು. ಕೋವಿಡ್‌ನಿಂದ ಗಣತಿ ಮುಂದೂಡಲ್ಪಟ್ಟಿತು. 2027ರ ಗಣತಿಯ ಮೊದಲ ಹಂತಕ್ಕೆ ಪೂರ್ವಪರೀಕ್ಷೆ: 2025 ನವೆಂಬರ್ 10–30. ಅದಾದ ಮೇಲೆ, ಡಿಸೆಂಬರ್‌ನಲ್ಲಿ ಇಡೀ ಗಣತಿಗೆ ಕೇಂದ್ರ ಸಂಪುಟ ಒಪ್ಪಿದ ಮೊತ್ತ: 11,718.24 ಕೋಟಿ ರೂ.

ಪೂರ್ವಪರೀಕ್ಷೆ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ: ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹರಳು ವ್ಯಾಪಾರಕ್ಕೆಂದು ಊರೂರು ತಿರುಗುವವರಿದ್ದಾರೆ. ಅವರನ್ನು ಎಲ್ಲಿ ಎಣಿಸಬೇಕೆಂಬುದು ಪೂರ್ವಪರೀಕ್ಷೆಯಲ್ಲೇ ಸ್ಪಷ್ಟವಾಗಬೇಕು.