ನಾಯಿ ಬೆಕ್ಕುಗಳ ಗಾಯವನ್ನು ಮುಚ್ಚುವ ಬಗೆ

ಕೊಳ್ಳೇಗಾಲದಿಂದ ಹನೂರು, ಮಲೆ ಮಹದೇಶ್ವರ ಬೆಟ್ಟಗಳನ್ನು ಹಾದು ಮೆಟ್ಟೂರಿನ ಕಡೆಗೆ ಇಳಿಯುವ ದಾರಿಯಲ್ಲಿ ಪಾಲಾರ್ ಎಂಬ ಗಡಿಯೂರು ಇದೆ. ಸುತ್ತಲೂ ಕಾಡು, ಈ ಬೆಟ್ಟಗಳ ಅರಣ್ಯವು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಇಂತಹ ಕಾಡಂಚಿನ ಊರಿನಲ್ಲಿ ಹೊಲ ಕಾಯುವ ನಾಯಿಯೊಂದಕ್ಕೆ ಹಂದಿಯ ಕೋರೆ ತಗುಲಿ ಪಕ್ಕೆಯ ಚರ್ಮ ಸೀಳಿತೆಂದು ಭಾವಿಸೋಣ. ನೋಡಿದವರೆಲ್ಲರೂ ಬೇಗನೆ ಹೊಲಿಗೆ ಹಾಕಿಸಿರೆಂದು ಹೇಳುವರು. ಆದರೆ ಪಶುವೈದ್ಯರು ಗಾಯವನ್ನು ತೊಳೆದು, ಹೊಲಿಯದೆ, ಪಟ್ಟಿ ಕಟ್ಟಿ ಕಳುಹಿಸುವುದುಂಟು. ಇದು ಅಲಕ್ಷ್ಯವೇ? ಅಲ್ಲವೆಂಬುದನ್ನು ಇಲ್ಲಿ ವಿಚಾರಿಸೋಣ.

ನಾಯಿಯ ಕತ್ತಿನ ಮೇಲಣ ಚರ್ಮವನ್ನು ಹಿಡಿದೆತ್ತಿದರೆ ಅದು ಸಡಿಲವಾಗಿ ಮೇಲೇಳುತ್ತದೆ. ಈ ಸಡಿಲತೆಯಿಂದಲೇ, ಕೋರೆ ಅಥವಾ ಹಲ್ಲು ಒಳಹೊಕ್ಕಾಗ, ಹೊರಗೆ ಕಾಣುವ ತೂತು ಚಿಕ್ಕದಾದರೂ ಒಳಗೆ ಚರ್ಮವು ಮಾಂಸದಿಂದ ಬೇರ್ಪಟ್ಟು ದೊಡ್ಡ ಚೀಲವೊಂದು ಉಂಟಾಗುತ್ತದೆ. ಮಣ್ಣು, ಕೂದಲು, ರೋಗಾಣು, ಸತ್ತ ಮಾಂಸ ಎಲ್ಲವೂ ಅದರೊಳಗೆ ಉಳಿಯುತ್ತವೆ. ಇದನ್ನು ಹೊಲಿದುಬಿಟ್ಟರೆ ಕೀವನ್ನು ಒಳಗೆ ಕೂಡಿಹಾಕಿದಂತಾಗುವುದು. ಆದುದರಿಂದ ಮೊದಲ ಕೆಲಸವು ಹೊಲಿಗೆಯಲ್ಲ. ಶುದ್ಧವಾದ ಉಪ್ಪುನೀರಿನಿಂದ ಧಾರಾಳವಾಗಿ ತೊಳೆದು, ಸತ್ತ ಭಾಗವನ್ನು ಕತ್ತರಿಸಿ ತೆಗೆಯುವುದು. ಮೂರು ನಾಲ್ಕು ದಿನಗಳಲ್ಲಿ ಗಾಯವು ಶುದ್ಧವಾಯಿತೆಂದು ಕಂಡರೆ ಆಗ ಹೊಲಿಯುವರು. ಇನ್ನೂ ಕಾದರೆ ಗಾಯದ ತಳದಲ್ಲಿ ಹರಳುಹರಳಾದ ಕೆಂಪು ಅಂಗಾಂಶವು ಹುಟ್ಟುತ್ತದೆ. ಹೊಸ ರಕ್ತನಾಳಗಳಿಂದ ತುಂಬಿದ ಈ ಅಂಗಾಂಶವು ಸೋಂಕನ್ನು ಚೆನ್ನಾಗಿ ತಡೆಯುತ್ತದೆ. ಚಿಕ್ಕ ಗಾಯವಾದರೆ ಅಂಚುಗಳು ತಾವಾಗಿಯೇ ಒಳಕ್ಕೆ ಸರಿದು ಮುಚ್ಚಿಕೊಳ್ಳುವುದೂ ಉಂಟು. ಹರಿತವಾದ ವಸ್ತುವಿನಿಂದ ಆದ, ಕೊಳೆಯಿಲ್ಲದ ಹೊಸ ಗಾಯವನ್ನಾದರೋ ಒಡನೆಯೇ ಹೊಲಿಯಬಹುದು.

ಚರ್ಮವೇ ಕಿತ್ತುಹೋಗಿ ಅಂಚುಗಳು ಕೂಡದಿದ್ದರೆ ಮಾಡುವುದೇನು? ಬಲವಂತವಾಗಿ ಎಳೆದು ಹೊಲಿದರೆ ಬಿಗಿತದಿಂದ ರಕ್ತದ ಸಂಚಾರ ನಿಂತು ಅಂಚು ಸಾಯುತ್ತದೆ. ಚರ್ಮದ ಜೀವವಿರುವುದು ರಕ್ತದಲ್ಲಿ. ಮನುಷ್ಯನಲ್ಲಿ ಚರ್ಮಕ್ಕೆ ಹೋಗುವ ನಾಳಗಳಲ್ಲಿ ಅನೇಕವು ಮಾಂಸಖಂಡಗಳ ಮೂಲಕ ನೆಟ್ಟಗೆ ಮೇಲೇರುತ್ತವೆ. ನಾಯಿ ಬೆಕ್ಕುಗಳಲ್ಲಿಯಾದರೋ ಮುಖ್ಯ ಧಮನಿಗಳು ಚರ್ಮದ ಅಡಿಯಲ್ಲಿ ಅದಕ್ಕೆ ಸಮಾಂತರವಾಗಿ ಹರಿಯುತ್ತವೆ. ಆದುದರಿಂದ ಇಂತಹ ಧಮನಿಯೊಂದನ್ನು ಒಳಗೊಂಡ ಚರ್ಮದ ಪಟ್ಟಿಯನ್ನು ಮೂರು ಕಡೆ ಬಿಡಿಸಿ, ಧಮನಿಯು ಪ್ರವೇಶಿಸುವ ಬುಡವನ್ನು ಹಾಗೆಯೇ ಉಳಿಸಿ, ಪಕ್ಕದ ಗಾಯದ ಮೇಲಕ್ಕೆ ತಿರುಗಿಸಬಹುದು. ಹೆಗಲ ಹಿಂದಣ ಚರ್ಮದಿಂದ ಮುಂಗಾಲಿನ ಮೇಲ್ಭಾಗವನ್ನು ಮುಚ್ಚುವುದು ಹೀಗೆಯೇ. ನಾಯಿಯಲ್ಲಿ ಇಂತಹ ಪಟ್ಟಿಗಳ ವಿವರವನ್ನು ಪಾವ್ಲೆಟಿಕ್ ಎಂಬ ಪಶುಶಸ್ತ್ರವೈದ್ಯನು 1981ರಲ್ಲಿ ಪ್ರಕಟಿಸಿದನು.

ಬುಡವನ್ನು ಕಡಿಯದೆ ಚರ್ಮವನ್ನು ತಿರುಗಿಸುವ ಈ ತತ್ತ್ವವು ನಮ್ಮ ದೇಶಕ್ಕೆ ಹೊಸತಲ್ಲ. ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮವು ಸುಶ್ರುತ ಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಬಂಡಿಯವನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಮೂಗು ಕಟ್ಟಿದ ಸಂಗತಿಯು 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಕಾಲಿನ ಕೆಳಭಾಗದಲ್ಲಿ ಸಡಿಲವಾದ ಚರ್ಮವು ದೊರೆಯದು. ಅಲ್ಲಿ ಬೇರೆಡೆಯಿಂದ ಪೂರ್ತಿ ಬಿಡಿಸಿದ ಚರ್ಮವನ್ನು ನಾಟಿ ಮಾಡುವರು. ಅದು ಮೊದಲ ಎರಡು ಮೂರು ದಿನ ತಳದ ದ್ರವವನ್ನು ಹೀರಿ ಬದುಕುತ್ತದೆ. ಅನಂತರ ಕೆಳಗಿನಿಂದ ರಕ್ತನಾಳಗಳು ಬೆಳೆದು ಅದನ್ನು ಸೇರುತ್ತವೆ. ಆ ದಿನಗಳಲ್ಲಿ ಅದು ಸ್ವಲ್ಪ ಜರುಗಿದರೂ ಕೆಲಸ ಕೆಡುತ್ತದೆ.

ಬೆಕ್ಕನ್ನು ಚಿಕ್ಕ ನಾಯಿಯೆಂದು ತಿಳಿಯಬಾರದು. ಅದರಲ್ಲಿ ಕೆಂಪು ಅಂಗಾಂಶವು ನಿಧಾನವಾಗಿ ಹುಟ್ಟುತ್ತದೆ. ಹೊಲಿದ 7ನೆಯ ದಿನ ಅದರ ಗಾಯದ ಬಲವು ನಾಯಿಯ ಗಾಯದ ಅರ್ಧದಷ್ಟು ಮಾತ್ರವೆಂದು ಪ್ರಯೋಗಗಳಿಂದ ತಿಳಿದಿದೆ.

ಗಾಯಕ್ಕೆ ಸುಣ್ಣ, ಸೀಮೆಎಣ್ಣೆ, ಮೆಣಸಿನಪುಡಿ ಹಾಕುವುದು ಸಲ್ಲದು. ಅವು ಹೊಸದಾಗಿ ಹುಟ್ಟುವ ಜೀವಕೋಶಗಳನ್ನೇ ಕೊಲ್ಲುತ್ತವೆ. ಕಚ್ಚಿದ ಪ್ರಾಣಿಯ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇರಬಹುದಾದ್ದರಿಂದ ಗಾಯವನ್ನು ಬರಿಗೈಯಿಂದ ಮುಟ್ಟಲೂ ಬಾರದು. ಶುದ್ಧವಾದ ಒದ್ದೆಬಟ್ಟೆಯನ್ನು ಹೊದಿಸಿ, ನಾಯಿ ನೆಕ್ಕದಂತೆ ನೋಡಿಕೊಂಡು, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅಲ್ಲಿ ವೈದ್ಯರು ಹೊಲಿಗೆಯನ್ನು ಮುಂದಕ್ಕೆ ಹಾಕಿದರೆ, ಕಾಯುವುದೂ ಚಿಕಿತ್ಸೆಯ ಒಂದು ಭಾಗವೆಂಬುದನ್ನು ನಾವು ಮರೆಯದಿರೋಣ.