ಎರಡು ಕಂಪ್ಯೂಟರ್, ಒಂದೇ ಫೈಲು: ಯಾವುದು ಖರೆ?

ಗಡಿಯಾಚೆಯ ಮೂರು ಊರುಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಸುಬು ಬೇರೆ ಬೇರೆ, ತಕರಾರು ಮಾತ್ರ ಒಂದೇ.

ಪ್ರಶ್ನೆ: ಜಹೀರಾಬಾದಿನ ಶಾಲೆಯಲ್ಲಿ ಡೆಸ್ಕ್‌ಟಾಪ್, ಬೀದರಿನ ಮನೆಯಲ್ಲಿ ಲ್ಯಾಪ್‌ಟಾಪ್. ಅಂಕಪಟ್ಟಿ, ಪ್ರಶ್ನೆಪತ್ರಿಕೆ ಎಲ್ಲವೂ ಪೆನ್‌ಡ್ರೈವಿನಲ್ಲಿ ನನ್ನ ಜೊತೆಗೇ ಓಡಾಡುತ್ತವೆ. ಕಾಪಿ ಮಾಡುವಾಗ "ರಿಪ್ಲೇಸ್ ಮಾಡಲೇ?" ಎಂದು ಕೇಳುತ್ತದೆ, ನಾನು ಹೂಂ ಅನ್ನುತ್ತೇನೆ. ಹೀಗೆ ಒಂದು ತರಗತಿಯ ಅಂಕಗಳೇ ಮಾಯವಾದವು. ಹೊಸ ತಾರೀಖಿನ ಫೈಲು ಉಳಿಸಿಕೊಂಡರೆ ಸಾಕಲ್ಲವೇ ಸರ್?
– ಶಿಕ್ಷಕಿ, ಜಹೀರಾಬಾದ್

ಉತ್ತರ: ಸಾಲದು ಮೇಡಂ. ತಾರೀಖು ಹೇಳುವುದು ಕೊನೆಗೆ ಯಾವುದನ್ನು ಮುಟ್ಟಿದಿರಿ ಎಂಬುದನ್ನಷ್ಟೇ. ಸೋಮವಾರ ಶಾಲೆಯಲ್ಲಿ ಎಂಟನೆಯ ತರಗತಿಯ ಅಂಕ ತುಂಬಿದಿರಿ, ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಮರೆತಿರಿ. ರಾತ್ರಿ ಮನೆಯಲ್ಲಿ ಅದೇ ಪಟ್ಟಿಯ ಹಳೆಯ ಪ್ರತಿಗೆ ಒಂಬತ್ತನೆಯ ತರಗತಿಯದನ್ನು ತುಂಬಿದಿರಿ. ಮನೆಯದು ಹೊಸತು, ನಿಜ. ಆದರೆ ಅದರಲ್ಲಿ ಎಂಟನೆಯ ತರಗತಿ ಇಲ್ಲವೇ ಇಲ್ಲ. ಎರಡನ್ನು ಎದುರೆದುರು ಇಟ್ಟು ನೋಡಿದರೂ ಇದು ಬಗೆಹರಿಯುವುದಿಲ್ಲ. ಹಿಂದಿನ ಸಲ ಎರಡೂ ಸರಿಹೊಂದಿದ್ದಾಗ ಫೈಲು ಹೇಗಿತ್ತು ಎಂಬ ಮೂರನೆಯ ಸಾಕ್ಷಿ ಬೇಕು.

ಆ ಸಾಕ್ಷಿಯನ್ನು ನೆನಪಿಟ್ಟುಕೊಳ್ಳುವ ಉಚಿತ ತಂತ್ರಾಂಶ ಯೂನಿಸನ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರು ಕಟ್ಟಿದ್ದು, 1990ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಒಂದೇ ಕಡೆ ಬದಲಾಗಿದ್ದರೆ ಇನ್ನೊಂದು ಕಡೆಗೆ ಒಯ್ಯುತ್ತದೆ. ಎರಡೂ ಕಡೆ ಬದಲಾಗಿದ್ದರೆ ಆ ಫೈಲನ್ನು ಮುಟ್ಟದೆ ನಿಮ್ಮನ್ನು ಕೇಳುತ್ತದೆ. ತಾನೇ ತೀರ್ಮಾನಿಸುವ ಜಾಣ ತಂತ್ರಾಂಶಕ್ಕಿಂತ ಗೊತ್ತಿಲ್ಲ ಎಂದು ಕೈಕಟ್ಟಿ ನಿಲ್ಲುವುದೇ ಇಂಥ ಕೆಲಸಕ್ಕೆ ಯೋಗ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗೆ ನಿಂತಾಗ ಎರಡೂ ಪ್ರತಿಗಳನ್ನು ತೆರೆದು ಅಂಕಗಳನ್ನು ನೀವೇ ಕೂಡಿಸಿ. ಪ್ರಶ್ನೆಪತ್ರಿಕೆಯಾದರೆ ಸುಲಭ: ವರ್ಡ್‌ನಲ್ಲೂ ಲಿಬ್ರೆ ಆಫೀಸ್‌ನಲ್ಲೂ 'ಕಂಪೇರ್' ಎಂಬ ಸೌಲಭ್ಯವಿದೆ, ವ್ಯತ್ಯಾಸಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ.

ಎರಡೂ ಕಂಪ್ಯೂಟರಿಗೆ ಯೂನಿಸನ್ ಹಾಕಿ, ಪೆನ್‌ಡ್ರೈವನ್ನು ನಡುವಿನ ಠಾಣೆ ಮಾಡಿಕೊಳ್ಳಿ. ವಿಂಡೋಸ್ ಪೆನ್‌ಡ್ರೈವಿಗೆ ಒಂದು ದಿನ 'ಇ', ಮರುದಿನ 'ಎಫ್' ಎಂಬ ಅಕ್ಷರ ಕೊಡುವುದುಂಟು. ಅಕ್ಷರ ಬದಲಾದರೆ ಯೂನಿಸನ್ ಅದನ್ನು ಹೊಸ ಜಾಗವೆಂದು ತಿಳಿದು ಹಳೆಯ ನೆನಪನ್ನು ಬಿಟ್ಟುಬಿಡುತ್ತದೆ, ಆಗ ವ್ಯತ್ಯಾಸವಿರುವ ಪ್ರತಿ ಫೈಲೂ ಜಗಳವಾಗಿ ಕಾಣುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರವನ್ನು ಕಾಯಂ ಮಾಡಿಕೊಳ್ಳಿ. ಆರ್‌ಸಿಂಕ್ ಬಳಸಿ ಎಂದು ಯಾರಾದರೂ ಸಲಹೆ ಕೊಟ್ಟಾರು. ಅದು ಒಳ್ಳೆಯದೇ, ಆದರೆ ಒಮ್ಮುಖದ ದಾರಿ. ನಿಮ್ಮದು ಹೋಗಿಬರುವ ವ್ಯವಹಾರ.

ಪ್ರಶ್ನೆ: ನಮ್ಮದು ಫರ್ಸಿ ಕಲ್ಲಿನ ವ್ಯಾಪಾರ. ಆಫೀಸಿನಲ್ಲಿ ಒಂದು, ಪಾಲಿಶ್ ಯೂನಿಟ್ಟಿನಲ್ಲಿ ಒಂದು ಕಂಪ್ಯೂಟರ್. ಸಿಂಕ್‌ಥಿಂಗ್ ಹಾಕಿ ಟ್ಯಾಲಿಯ ಡೇಟಾ, ರೇಟಿನ ಎಕ್ಸೆಲ್ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೇವೆ. 'ಸಿಂಕ್-ಕಾನ್‌ಫ್ಲಿಕ್ಟ್' ಎಂಬ ಹೆಸರಿನ ಫೈಲು ರಾಶಿ ಬಿದ್ದಿವೆ. ಯೂನಿಟ್ಟಿನವರು ಹಾಕಿದ ರೇಟೇ ಯಾವಾಗಲೂ ಸೋಲುತ್ತದೆ. ಕರೆಂಟ್ ಹೋಗಿ ಬಂದರೆ ಆ ಕಂಪ್ಯೂಟರ್ 2009 ಎಂದು ತೋರಿಸುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
– ವ್ಯಾಪಾರಿ, ತಾಂಡೂರು

ಉತ್ತರ: ಇದೆ. ಆದರೆ ಮೊದಲು ಟ್ಯಾಲಿ ಡೇಟಾವನ್ನು ಆ ಫೋಲ್ಡರಿನಿಂದ ಇವತ್ತೇ ಹೊರಗೆ ತೆಗೆಯಿರಿ. ಒಂದು ಕಂಪನಿಯ ಲೆಕ್ಕ ಅಂದರೆ ಟ್ಯಾಲಿಯಲ್ಲಿ ಒಂದು ಫೈಲಲ್ಲ, ಒಂದಕ್ಕೊಂದು ತಾಳೆಯಾಗಬೇಕಾದ ಹಲವು ಫೈಲುಗಳ ಫೋಲ್ಡರು. ಸಿಂಕ್ ತಂತ್ರಾಂಶ ಅವನ್ನು ಬಿಡಿಬಿಡಿಯಾಗಿ ಒಯ್ಯುತ್ತದೆ. ಆಫೀಸಿನ ಅರ್ಧ, ಯೂನಿಟ್ಟಿನ ಅರ್ಧ ಸೇರಿದರೆ ಬರುವ ಲೆಕ್ಕ ಇಬ್ಬರದೂ ಅಲ್ಲ, ಹಲವು ಸಲ ತೆರೆಯುವುದೂ ಇಲ್ಲ. ಟ್ಯಾಲಿಯದೇ ಬ್ಯಾಕಪ್–ರಿಸ್ಟೋರ್ ಇದೆ, ಶಾಖೆಗಳ ನಡುವೆ ವೋಚರ್ ಸಾಗಿಸುವ ಅದರದೇ ಸಿಂಕ್ ವ್ಯವಸ್ಥೆಯೂ ಇದೆ. ಅದನ್ನೇ ಬಳಸಿ.

ಇನ್ನು 2009. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿದೆ. ಸಿಆರ್ 2032 ಎಂದು ಕೇಳಿದರೆ ಗಡಿಯಾರ ರಿಪೇರಿಯವರೂ ಕೊಡುತ್ತಾರೆ. ಸಿಂಕ್‌ಥಿಂಗ್ ಜಗಳವನ್ನು ಪತ್ತೆ ಹಚ್ಚುವುದು ಗಡಿಯಾರ ನೋಡಿ ಅಲ್ಲ. ಯಾವ ಯಂತ್ರದ ಬದಲಾವಣೆ ಇನ್ನೊಂದಕ್ಕೆ ತಲುಪಿದೆ, ಯಾವುದು ತಲುಪಿಲ್ಲ ಎಂಬ ಲೆಕ್ಕವನ್ನು ಅದು ಬೇರೆಯೇ ಇಟ್ಟಿರುತ್ತದೆ. ಆದರೆ ಜಗಳ ಸಿಕ್ಕಮೇಲೆ ಯಾವ ಪ್ರತಿಯನ್ನು ಪಕ್ಕಕ್ಕಿಡಬೇಕು ಎಂಬಾಗ ತಾರೀಖು ನೋಡುತ್ತದೆ, ಹಳೆಯದಕ್ಕೆ 'ಸಿಂಕ್-ಕಾನ್‌ಫ್ಲಿಕ್ಟ್' ಹೆಸರು ಕಟ್ಟುತ್ತದೆ. ನಿಮ್ಮ ಯೂನಿಟ್ಟು 2009ರಲ್ಲಿ ಬದುಕುತ್ತಿರುವಾಗ ಗೆಲ್ಲುವುದೆಲ್ಲಿ ಬಂತು! ಸಮಾಧಾನವೆಂದರೆ ಆ ರಾಶಿಯಲ್ಲಿ ಅವರ ರೇಟುಗಳು ಹಾಗೇ ಇವೆ. ನೋಡದೆ ಅಳಿಸಬೇಡಿ.

ರೇಟಿನ ಪಟ್ಟಿಗೆ ತಂತ್ರಜ್ಞಾನಕ್ಕಿಂತ ಕಟ್ಟಳೆ ಮುಖ್ಯ. ನೀಲಿ, ಹಳದಿ ಕಲ್ಲಿನ ದರ ಬರೆಯುವುದು ಆಫೀಸು, ಅವರ ಫೈಲೇ ಬೇರೆ. ದಿನದ ಪಾಲಿಶ್ ಮಾಲಿನ ಲೆಕ್ಕ ಬರೆಯುವುದು ಯೂನಿಟ್ಟು, ಅವರದು ಇನ್ನೊಂದು. ಒಬ್ಬರ ಫೈಲನ್ನು ಇನ್ನೊಬ್ಬರು ಓದಬಹುದು, ಬರೆಯಕೂಡದು. ಒಂದೇ ಕೈ ಬರೆಯುವ ಫೈಲಿನಲ್ಲಿ ಜಗಳ ಹುಟ್ಟುವುದಿಲ್ಲ. "ಬೇರೆಯವರು ತೆರೆದಿದ್ದಾರೆ" ಎಂಬ ಎಕ್ಸೆಲ್ಲಿನ ಎಚ್ಚರಿಕೆಯನ್ನು ನೆಚ್ಚಬೇಡಿ. ಇಬ್ಬರೂ ಒಂದೇ ಹಂಚಿಕೆಯ ಫೋಲ್ಡರಿನಲ್ಲಿರುವ ಫೈಲನ್ನೇ ತೆರೆದರೆ ಅದು ಕೆಲಸ ಮಾಡುತ್ತದೆ. ನಿಮ್ಮಲ್ಲಿ ಇಬ್ಬರದೂ ಬೇರೆ ಬೇರೆ ಪ್ರತಿ.

ಪ್ರಶ್ನೆ: ನಮ್ಮ ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ನಿಜಾಮರ ಕಾಲದ ಉರ್ದು ಕಾಗದ, ಅಜ್ಜನ ಕನ್ನಡ ಲೆಕ್ಕ, ಆಮೇಲಿನ ತೆಲುಗು ಪಹಣಿ ಎಲ್ಲಾ ಇವೆ. ಸ್ಕ್ಯಾನ್ ಮಾಡಿ ಕನ್ನಡದಲ್ಲೇ ಹೆಸರಿಟ್ಟು, ಹೊರದೇಶದ ತಮ್ಮನ ಹಳೆಯ ಮ್ಯಾಕ್ ಜೊತೆ ಸಿಂಕ್ ಮಾಡುತ್ತೇನೆ. 'ಹೊಲ' ಎಂಬ ಫೈಲು ಎರಡೆರಡು ಕಾಣುತ್ತದೆ, ಅಕ್ಷರ ಒಂದಿಷ್ಟೂ ಫರಕಿಲ್ಲ. ಒಂದನ್ನು ಅಳಿಸಿದರೆ ತಮ್ಮನ ಕಡೆಯದೂ ಹೋಗುತ್ತದೆ!
– ನಿವೃತ್ತ ನೌಕರ, ನಾರಾಯಣಖೇಡ

ಉತ್ತರ: ನಿಮ್ಮ ಕಣ್ಣಿನ ದೋಷವಲ್ಲ ಹಿರಿಯರೇ. ಯೂನಿಕೋಡಿನಲ್ಲಿ ೊ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ೆ ಮತ್ತು ೂ ಎಂಬ ಎರಡನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ 'ಹೊಲ'ವೇ. ೀ, ೇ, ೈ, ೋ ಚಿಹ್ನೆಗಳದೂ ಇದೇ ಕಥೆ. ಹಳೆಯ ಮ್ಯಾಕಿನ ಡಿಸ್ಕ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ವಿಂಡೋಸ್, ಲಿನಕ್ಸ್ ನೀವು ಒತ್ತಿದಂತೆಯೇ ಇಡುತ್ತವೆ. ಯಂತ್ರಕ್ಕೆ ಅವು ಎರಡು ಬೇರೆ ಹೆಸರು. ಸಿಂಕ್‌ಥಿಂಗ್‌ನಲ್ಲಿ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಆಯ್ಕೆ ಇದೆ, ಯೂನಿಸನ್ನಿನಲ್ಲಿ ಯೂನಿಕೋಡ್ ಆಯ್ಕೆ ಇದೆ. ಅವು ಚಾಲೂ ಇವೆಯೇ ನೋಡಿ. ಅದಕ್ಕಿಂತ ಗಟ್ಟಿ ಉಪಾಯ: ಫೈಲಿಗೆ ಅಂಕಿಯ ಹೆಸರಿಡಿ, 1954-017 ಎಂಬಂತೆ. ಯಾವುದರಲ್ಲಿ ಏನಿದೆ ಎಂಬ ಕನ್ನಡದ ವಿವರ ಒಂದು ಪಟ್ಟಿಯಲ್ಲಿರಲಿ. ಹೆಸರಿನಲ್ಲಿ ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ ಬೇಡ, ವಿಂಡೋಸ್ ಒಪ್ಪುವುದಿಲ್ಲ.

ಅಳಿಸಿದ್ದು ಅಲ್ಲಿಯೂ ಅಳಿದದ್ದು ಸಿಂಕ್‌ನ ತಪ್ಪಲ್ಲ, ಅದರ ಕೆಲಸವೇ ಅದು. ಸಿಂಕ್ ಇದೆಯೆಂದು ಬ್ಯಾಕಪ್ ಬಿಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸ್ಕ್ಯಾನ್ ಆದ ಕಾಗದ ಮತ್ತೆ ಬದಲಾಗಬೇಕಿಲ್ಲ. ಸಿಂಕ್‌ಥಿಂಗ್‌ನಲ್ಲಿ ನಿಮ್ಮ ಫೋಲ್ಡರನ್ನು 'ಸೆಂಡ್ ಓನ್ಲಿ', ತಮ್ಮನದನ್ನು 'ರಿಸೀವ್ ಓನ್ಲಿ' ಮಾಡಿ. ತಮ್ಮನ ಕಡೆ ಹಳೆಯ ಪ್ರತಿಗಳನ್ನು ಉಳಿಸುವ ವರ್ಷನಿಂಗ್ ಹಾಕಿ. ಜೊತೆಗೆ ಒಂದು ಹಾರ್ಡ್‌ಡಿಸ್ಕಿಗೆ ಎಲ್ಲವನ್ನೂ ತುಂಬಿ, ವೈರು ಕಿತ್ತು, ಬೀರುವಿನಲ್ಲಿಡಿ.

ಸ್ಕ್ಯಾನ್ ಆಯಿತೆಂದು ಮೂಲ ಕಾಗದಗಳನ್ನು ಮಾತ್ರ ಎಸೆಯಬೇಡಿ. ಹೊಲದ ತಕರಾರು ಕೋರ್ಟಿಗೆ ಹೋದರೆ ಅಲ್ಲಿ ಮೊದಲು ಕೇಳುವುದು ಅದನ್ನೇ.